ಥೀಸಿಸ್ ಬರೆಯಲು ಟ್ಯೂಟರ್ ನೆರವು: ಹುಡುಕುವುದರಿಂದ ವೈವಾವರೆಗೆ

ಮಾಹಿತಿ ಸಂಗ್ರಹ ಮುಗಿದಿದೆ. ಓದಿದ ಲೇಖನಗಳು ಕಂಪ್ಯೂಟರಿನಲ್ಲಿ ರಾಶಿ ಬಿದ್ದಿವೆ. ‘ಬರೆದು ತನ್ನಿ, ನೋಡೋಣ’ ಎಂದು ಗೈಡ್ ಹೇಳಿ ತಿಂಗಳುಗಳೇ ಕಳೆದಿವೆ. ಬರೆಯಲು ಕೂತರೆ ಮಾತ್ರ ಮೊದಲ ಪುಟ ದಾಟುವುದಿಲ್ಲ. ಸಂಶೋಧನಾರ್ಥಿಗಳಲ್ಲಿ ಬಹಳಷ್ಟು ಮಂದಿ ನಿಂತುಬಿಡುವುದು ಈ ಹಂತದಲ್ಲಿ. ಅವರಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದನ್ನು ವಾದವಾಗಿ ಕಟ್ಟುವುದು ಹೇಗೆಂದು ಯಾರೂ ಪಕ್ಕದಲ್ಲಿ ಕೂತು ಕಲಿಸಿರುವುದಿಲ್ಲ.

ಹಾಗೆ ಪಕ್ಕದಲ್ಲಿ ಕೂತು ಕಲಿಸುವವರೇ ಥೀಸಿಸ್ ಟ್ಯೂಟರ್. ಒಬ್ಬರಿಗೆ ಒಬ್ಬರು ಕಲಿಸುವ ಕ್ರಮದ ಬಲ ಹೊಸ ಮಾತೇನಲ್ಲ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಹೀಗೆ ಕಲಿತ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಗಿಂತ ಮುಂದಿದ್ದ ಎಂದು ವರದಿ ಮಾಡಿದ್ದರು. ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಅಂತರ ಕಾಣಲಿಲ್ಲ; ಲಾಭವಂತೂ ಕಂಡಿತು. ಅವು ಶಾಲಾ ಪಾಠಗಳಂಥ ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳು, ಥೀಸಿಸ್‌ಗೆ ಹಾಗೇ ಅನ್ವಯಿಸಲಾಗದು. ಆದರೆ ತಪ್ಪು ಆದ ಜಾಗದಲ್ಲೇ, ಆದ ಕೂಡಲೇ ತಿದ್ದಿಕೊಳ್ಳುವ ಅವಕಾಶ ಸಿಕ್ಕರೆ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ಬರವಣಿಗೆಗೂ ಸಲ್ಲುತ್ತದೆ.

ಇಲ್ಲಿ ಒಂದು ಷರತ್ತಿದೆ. ಪೆನ್ನು ಕೊನೆಯವರೆಗೂ ನಿಮ್ಮ ಕೈಯಲ್ಲೇ ಇರಬೇಕು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಇದರ ಮೇಲೆ ನಿಂತಿದೆ.

ಮೊದಲು ತೊಡಕು ಎಲ್ಲಿದೆ ಎಂದು ನೋಡಿ

‘ಬರೆಯಲು ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಯಾವ ಟ್ಯೂಟರ್‌ಗೂ ಏನೂ ಮಾಡಲಾಗದು. ನಿಮ್ಮ ತೊಡಕು ಸಂಶೋಧನಾ ಪ್ರಶ್ನೆಯಲ್ಲಿದೆಯೇ? ಓದಿದ್ದನ್ನು ಜೋಡಿಸುವುದರಲ್ಲಿದೆಯೇ? ಅಂಕಿಅಂಶಗಳ ವಿಶ್ಲೇಷಣೆಯಲ್ಲಿದೆಯೇ? ಅಥವಾ ಬರೀ ಭಾಷೆಯಲ್ಲೇ? ಈ ನಾಲ್ಕಕ್ಕೂ ಬೇಕಾಗುವ ಜನ ಬೇರೆಬೇರೆ. ಸಂಖ್ಯಾಶಾಸ್ತ್ರ ಬಲ್ಲವರಿಗೆ ಅಧ್ಯಾಯ ಕಟ್ಟುವುದು ಬರಲೇಬೇಕೆಂದಿಲ್ಲ. ಭಾಷೆ ತಿದ್ದುವವರು ನಿಮ್ಮ ಪ್ರಶ್ನಾವಳಿಯ ದೋಷ ಹಿಡಿಯುತ್ತಾರೆಂದು ಕಾಯುವುದರಲ್ಲೂ ಅರ್ಥವಿಲ್ಲ.

ತೊಡಕು ಪತ್ತೆಹಚ್ಚಲು ಸರಳ ಉಪಾಯವೆಂದರೆ ಗೈಡ್ ಈವರೆಗೆ ಕೊಟ್ಟ ಷರಾಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದುಕೊಳ್ಳುವುದು. ‘ಇದು ಅಸ್ಪಷ್ಟ’, ‘ಇಲ್ಲಿ ನಿಮ್ಮ ಮಾತೇನು?’, ‘ಹಿಂದಿನ ಅಧ್ಯಾಯಕ್ಕೂ ಇದಕ್ಕೂ ಏನು ಸಂಬಂಧ?’ ಎಂಬಂಥ ಮಾತುಗಳಲ್ಲಿ ಯಾವುದು ಮತ್ತೆ ಮತ್ತೆ ಬಂದಿದೆಯೋ ಅಲ್ಲೇ ನಿಮಗೆ ನೆರವು ಬೇಕಾಗಿದೆ.

ನಿಯಮ ಓದಿ, ಗೈಡ್‌ಗೆ ತಿಳಿಸಿ

ಟ್ಯೂಟರ್ ಇಟ್ಟುಕೊಳ್ಳುವುದನ್ನು ಮುಚ್ಚಿಡಬೇಕಾಗಿಲ್ಲ. ಮುಚ್ಚಿಡಬೇಕು ಅನ್ನಿಸಿದರೆ ನೀವು ಕೇಳುತ್ತಿರುವ ಸಹಾಯದಲ್ಲೇ ಏನೋ ಸರಿಯಿಲ್ಲ. ಹೊರಗಿನವರಿಂದ ಎಷ್ಟರ ಮಟ್ಟಿಗೆ ನೆರವು ಪಡೆಯಬಹುದು ಎಂಬ ಬಗ್ಗೆ ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿ ನೋಡಿ. ಆಸ್ಟ್ರೇಲಿಯಾದಲ್ಲಿ ಸಂಪಾದಕರ ವೃತ್ತಿಸಂಘವೇ ಸಂಶೋಧನಾ ಪ್ರಬಂಧಗಳಿಗೆಂದು ಪ್ರತ್ಯೇಕ ಮಾರ್ಗಸೂಚಿ ಇಟ್ಟುಕೊಂಡಿದೆ. ಅದರ ಪ್ರಕಾರ ಸಂಪಾದಕರು ಭಾಷೆ, ಸ್ಪಷ್ಟತೆ, ಏಕರೂಪತೆ ನೋಡಬಹುದು. ವಾದ ಮತ್ತು ತಿರುಳಿನ ಹೊಣೆ ವಿದ್ಯಾರ್ಥಿ ಮತ್ತು ಗೈಡ್‌ಗೆ ಸೇರಿದ್ದು. ಬೇರೆ ಕಡೆ ಇಷ್ಟು ಸ್ಪಷ್ಟವಾಗಿ ಬರೆದಿಡದಿದ್ದರೂ ಗೆರೆ ಹೆಚ್ಚುಕಡಿಮೆ ಇಲ್ಲೇ ಇರುತ್ತದೆ.

ಹಣ ಕೊಟ್ಟರೆ ಅಧ್ಯಾಯವನ್ನೇ ಬರೆದುಕೊಡುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ವಿದ್ಯಾರ್ಥಿಗಳಿಗೆ ಹೀಗೆ ಬರೆದುಕೊಡುವ ವ್ಯವಹಾರವನ್ನು ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನು ತಂದು ಅಪರಾಧವೆಂದು ಸಾರಿದವು. ಸಿಕ್ಕಿಬಿದ್ದರೆ ಪದವಿ ಹೋಗುತ್ತದೆ ಎಂಬುದು ಒಂದು ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ನಷ್ಟ: ಐದಾರು ವರ್ಷ ದುಡಿದ ವಿಷಯದ ಮೇಲೆ ಒಂದು ವಾಕ್ಯವನ್ನಾದರೂ ಸ್ವಂತವಾಗಿ ನಿಲ್ಲಿಸುವ ಶಕ್ತಿ ಬಾರದೆ ಹೋಗುವುದು. ಎಐ ಉಪಕರಣಗಳಿಗೂ ಇದೇ ಎಚ್ಚರ ಇರಲಿ. ಬಳಸಬಹುದೇ, ಬಳಸಿದರೆ ಎಲ್ಲಿ ನಮೂದಿಸಬೇಕು ಎಂದು ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ.

ಎಲ್ಲಿ ಹುಡುಕುವುದು

ಹೊರಗೆ ಹುಡುಕುವ ಮೊದಲು ಒಳಗೆ ನೋಡಿ. ಅನೇಕ ವಿಶ್ವವಿದ್ಯಾಲಯಗಳಲ್ಲಿ ರೈಟಿಂಗ್ ಸೆಂಟರ್ ಇರುತ್ತದೆ. ಅಲ್ಲಿ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡರೆ ಒಬ್ಬರು ನಿಮ್ಮೊಡನೆ ಕೂತು ಡ್ರಾಫ್ಟ್ ಓದುತ್ತಾರೆ. ವಿದ್ಯಾರ್ಥಿಗಳಿಗೆ ಇದು ಸಾಮಾನ್ಯವಾಗಿ ಉಚಿತ. ಗ್ರಂಥಪಾಲಕರನ್ನಂತೂ ಮರೆಯಬೇಡಿ, ಆಕರ ಹುಡುಕುವುದರಲ್ಲಿ ಅವರಷ್ಟು ಪಳಗಿದವರು ವಿಭಾಗದಲ್ಲೂ ಸಿಗುವುದು ಕಷ್ಟ. ಈಚೆಗೆ ಥೀಸಿಸ್ ಮುಗಿಸಿದ ಸೀನಿಯರ್‌ಗಳು, ನಿವೃತ್ತ ಪ್ರಾಧ್ಯಾಪಕರು, ವೃತ್ತಿಪರ ಟ್ಯೂಟರ್‌ಗಳು ಆಮೇಲಿನ ದಾರಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್‌ನಲ್ಲಿ 1990ರ ದಶಕದಿಂದಲೂ ಉಚಿತ ಪಾಠಗಳಿವೆ. ಉಲ್ಲೇಖದ ಕ್ರಮದಂಥ ಸಣ್ಣ ಅನುಮಾನಗಳಿಗೆ ಅದೇ ಸಾಕು, ಟ್ಯೂಟರ್‌ನ ಹೊತ್ತನ್ನು ಅದಕ್ಕೆ ಖರ್ಚು ಮಾಡಬೇಡಿ.

ವಿಷಯತಜ್ಞರೇ ಟ್ಯೂಟರ್ ಆಗಬೇಕೇ? ಆಗಲೇಬೇಕೆಂದಿಲ್ಲ. ನಿಮ್ಮದಕ್ಕೆ ಹತ್ತಿರದ ಶಾಸ್ತ್ರ ಬಲ್ಲ, ಸ್ವತಃ ಥೀಸಿಸ್ ಬರೆದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಒಬ್ಬರು ಸಾಕು. ವಿಷಯ ಪೂರ್ತಿ ಗೊತ್ತಿದ್ದವರು ನೀವು ಬಿಟ್ಟ ಕಂದಕವನ್ನು ತಾವೇ ಮನಸ್ಸಿನಲ್ಲಿ ತುಂಬಿಕೊಂಡು ಓದಿಬಿಡುವುದುಂಟು. ಹೊರಗಿನವರು ಅಲ್ಲಿ ಎಡವಿ ನಿಲ್ಲುತ್ತಾರೆ, ಆ ಎಡವುವಿಕೆಯಿಂದಲೇ ನಿಮಗೆ ಉಪಯೋಗ.

ಮೊದಲ ಭೇಟಿ: ಮೂರು ನಿಮಿಷ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಶುರುಮಾಡಿತು. ಪಿಎಚ್‌ಡಿ ವಿದ್ಯಾರ್ಥಿ ತನ್ನ ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ, ಒಂದೇ ಸ್ಲೈಡ್ ಇಟ್ಟುಕೊಂಡು, ವಿಷಯ ತಿಳಿಯದವರಿಗೂ ಅರ್ಥವಾಗುವಂತೆ ಹೇಳಬೇಕು. ಈಗ ಅದು ಅನೇಕ ದೇಶಗಳಿಗೆ ಹಬ್ಬಿದೆ. ಟ್ಯೂಟರ್ ಜೊತೆಗಿನ ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಟಿಪ್ಪಣಿ ನೋಡದೆ ಮೂರು ನಿಮಿಷ ಹೇಳಿ. ಮುಗಿದ ಮೇಲೆ ಟ್ಯೂಟರ್ ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಲಿ. ನೀವು ಹೇಳಿದ್ದಕ್ಕೂ ಅವರಿಗೆ ತಲುಪಿದ್ದಕ್ಕೂ ನಡುವೆ ಕಾಣುವ ಅಂತರವೇ ಮುಂದಿನ ಕೆಲಸದ ನಕ್ಷೆ.

ಟ್ಯೂಟರ್ ನಿಮಗೆ ಹೊಂದುತ್ತಾರೋ ಇಲ್ಲವೋ ಎಂಬುದೂ ಇಲ್ಲೇ ತಿಳಿಯುತ್ತದೆ. ಕೇಳಿಸಿಕೊಂಡು ಪ್ರಶ್ನೆ ಕೇಳಿದರೆ ಮುಂದುವರಿಯಿರಿ. ಮೂರು ನಿಮಿಷವೂ ಕೇಳದೆ ‘ನನಗೆ ಬಿಡಿ, ನಾನು ನೋಡಿಕೊಳ್ಳುತ್ತೇನೆ’ ಎಂದರೆ ನಮಸ್ಕಾರ ಹೇಳಿ ಬನ್ನಿ.

ಒಂದು ಪ್ಯಾರಾ ಹೇಗೆ ಬದಲಾಗುತ್ತದೆ

ಒಳ್ಳೆಯ ಟ್ಯೂಟರ್ ಏನು ಮಾಡುತ್ತಾರೆಂದು ಹತ್ತಿರದಿಂದ ನೋಡೋಣ. ಮನೆಯಲ್ಲಿ ಮಕ್ಕಳಿಗೆ ಕತೆ ಓದಿ ಹೇಳುವುದಕ್ಕೂ ಅವರ ಪದಸಂಪತ್ತಿಗೂ ಏನು ನಂಟು ಎಂಬುದರ ಮೇಲೆ ಒಬ್ಬ ವಿದ್ಯಾರ್ಥಿನಿ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಪೂರ್ವಾಧ್ಯಯನ ಸಮೀಕ್ಷೆಯ ಅಧ್ಯಾಯದಲ್ಲಿ ಹೀಗೊಂದು ಪ್ಯಾರಾ ಇದೆ:

“ಕತೆ ಓದಿ ಹೇಳುವುದರಿಂದ ಮಕ್ಕಳ ಪದಸಂಪತ್ತು ಹೆಚ್ಚುತ್ತದೆ ಎಂದು ಒಂದು ಅಧ್ಯಯನ ತಿಳಿಸಿದೆ. ಮತ್ತೊಂದು ಅಧ್ಯಯನವೂ ಇದನ್ನೇ ಹೇಳಿದೆ. ಮೂರನೆಯ ಅಧ್ಯಯನದಲ್ಲಿ ಅಂಥ ಪರಿಣಾಮ ಕಂಡುಬಂದಿಲ್ಲ. ಹೀಗೆ ಈ ವಿಷಯದ ಮೇಲೆ ಅನೇಕ ಅಧ್ಯಯನಗಳು ನಡೆದಿವೆ.”

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಪ್ಯಾರಾ ಸತ್ತು ಬಿದ್ದಿದೆ. ಬರೆದುಕೊಡುವ ಟ್ಯೂಟರ್ ಆದರೆ ಐದು ನಿಮಿಷದಲ್ಲಿ ಹೊಸ ಪ್ಯಾರಾ ಟೈಪ್ ಮಾಡಿ ಮುಗಿಸುತ್ತಾರೆ. ಕಲಿಸುವವರು ಕೇಳುತ್ತಾರೆ:

“ಮೂರನೆಯದರಲ್ಲಿ ಯಾಕೆ ಪರಿಣಾಮ ಕಾಣಲಿಲ್ಲ?”

“ಅವರು ದಿನಕ್ಕೆ ಎಷ್ಟು ನಿಮಿಷ ಓದಿದರು ಅಂತ ಮಾತ್ರ ಲೆಕ್ಕ ಹಾಕಿದ್ದರು ಮೇಡಂ. ಓದುವಾಗ ಮಗುವಿನ ಜೊತೆ ಮಾತಾಡಿದ್ದರಾ, ಪ್ರಶ್ನೆ ಕೇಳಿದ್ದರಾ ಅಂತ ನೋಡಿರಲಿಲ್ಲ.”

“ಉಳಿದೆರಡರಲ್ಲಿ?”

“ಅವೆರಡರಲ್ಲೂ ಅದನ್ನು ನೋಡಿದ್ದಾರೆ.”

“ಮತ್ತೆ ಇದನ್ನು ಬರೆದೇ ಇಲ್ಲವಲ್ಲಮ್ಮ?”

“ಓದುವವರಿಗೆ ಗೊತ್ತಿರುತ್ತೆ ಅಂದುಕೊಂಡೆ.”

ಟ್ಯೂಟರ್ ಅಲ್ಲಿಗೆ ನಿಲ್ಲಿಸಿ, ಈಗ ಹೇಳಿದ್ದನ್ನೇ ಹತ್ತು ನಿಮಿಷದಲ್ಲಿ ಬರೆಯಲು ಹೇಳುತ್ತಾರೆ. ವಿದ್ಯಾರ್ಥಿನಿ ಬರೆದದ್ದು ಹೀಗೆ:

“ಕತೆ ಓದಿ ಹೇಳುವುದರ ಪರಿಣಾಮದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಪರಿಣಾಮ ಕಂಡ ಎರಡೂ ಅಧ್ಯಯನಗಳು ಓದುವಾಗ ನಡೆಯುವ ಮಾತುಕತೆಯನ್ನು ಗಮನಿಸಿದ್ದವು. ಕಾಣದ ಅಧ್ಯಯನ ಓದಿದ ನಿಮಿಷಗಳನ್ನಷ್ಟೇ ಎಣಿಸಿತ್ತು. ವ್ಯತ್ಯಾಸಕ್ಕೆ ಕಾರಣ ಆ ಮಾತುಕತೆಯೇ ಇರಬಹುದು. ಪ್ರಸ್ತುತ ಪ್ರಬಂಧ ಪರಿಶೀಲಿಸುವುದು ಇದನ್ನೇ.”

ಆಕರಗಳು ಅವೇ, ವಿದ್ಯಾರ್ಥಿನಿಯೂ ಅವಳೇ. ಟ್ಯೂಟರ್ ಒಂದು ಪದವನ್ನೂ ಸೇರಿಸಲಿಲ್ಲ. ಹೀಗಿದ್ದೂ ಪಟ್ಟಿಯಂತಿದ್ದ ಪ್ಯಾರಾ ಈಗ ಒಂದು ಕೊರತೆಯನ್ನು ತೋರಿಸಿ, ಥೀಸಿಸ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಕೊಡುತ್ತಿದೆ. ಇಂಥ ನಾಲ್ಕಾರು ಪ್ಯಾರಾಗಳನ್ನು ಒಟ್ಟಿಗೆ ಕೂತು ಮಾಡಿದರೆ ಸಾಕು, ಮುಂದಿನವನ್ನು ಓದುವಾಗ ಆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಒಂದು ಮಾತು ಗಮನಿಸಿ: ಉತ್ತರ ಅವಳ ಬಾಯಲ್ಲಿ ಸಲೀಸಾಗಿ ಬಂತು, ಕಾಗದಕ್ಕೆ ಇಳಿದಿರಲಿಲ್ಲ. ಆದ್ದರಿಂದ ಪಾಠದ ಮಾತುಕತೆಯನ್ನು ಟ್ಯೂಟರ್ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದು. ಎಷ್ಟೋ ಸಲ ಅಧ್ಯಾಯದ ಅತ್ಯುತ್ತಮ ವಾಕ್ಯ ಅಲ್ಲೇ ಸಿಗುತ್ತದೆ.

ಕೂರುವ ಮುಂಚೆ, ಎದ್ದ ಮೇಲೆ

ಒಂದು ಗಂಟೆಯ ಪಾಠಕ್ಕೆ ನಲವತ್ತು ಪುಟ ಕಳಿಸಿದರೆ ಓದುವುದರಲ್ಲೇ ಸಮಯ ಹೋಗುತ್ತದೆ. ನಾಲ್ಕೈದು ಪುಟ ಸಾಕು. ಎರಡು ದಿನ ಮೊದಲೇ ಕಳಿಸಿ, ಜೊತೆಗೆ ಎರಡು ಪ್ರಶ್ನೆ ಬರೆಯಿರಿ. ‘ಹೇಗಿದೆ ನೋಡಿ’ ಎಂದು ಕೇಳಬೇಡಿ. ‘ಎರಡನೆಯ ಪುಟದಿಂದ ಮೂರನೆಯದಕ್ಕೆ ವಾದ ಜಿಗಿದಂತಿದೆಯೇ?’ ಎಂದು ಕೇಳಿ.

ಎದ್ದ ಮೇಲಿನ ಅರ್ಧ ಗಂಟೆ ಪಾಠದಷ್ಟೇ ಮುಖ್ಯ. ಅಂದೇ ಏನು ತೀರ್ಮಾನವಾಯಿತು, ಏನು ಬದಲಿಸಬೇಕು, ಮುಂದಿನ ಸಲ ಏನು ತರಬೇಕು ಎಂದು ಬರೆದು ಟ್ಯೂಟರ್‌ಗೂ ಕಳಿಸಿ. ಟ್ಯೂಟರ್ ಹೇಳಿದ್ದಕ್ಕೂ ಗೈಡ್ ಹೇಳಿದ್ದಕ್ಕೂ ವಿರೋಧ ಬಂದರೆ ಇಬ್ಬರ ನಡುವೆ ಓಡಾಡುತ್ತ ಕಂಗಾಲಾಗಬೇಡಿ. ಗೈಡ್ ಬಳಿ ಹೋಗಿ, ‘ಸರ್, ಇದನ್ನು ಹೀಗೂ ಮಾಡಬಹುದು ಅನ್ನಿಸಿತು, ನೀವೇನಂತೀರಿ?’ ಎಂದು ಕೇಳಿ. ಕೊನೆಯ ಮಾತು ಅವರದು.

ಫೀಜು, ಪಾಠ ತಪ್ಪಿದರೆ ಏನು, ಡ್ರಾಫ್ಟ್ ಬೇರೆಯವರಿಗೆ ತೋರಿಸಬಾರದು ಎಂಬುದನ್ನೆಲ್ಲ ಶುರುವಿನಲ್ಲೇ ಇಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಇಡೀ ಥೀಸಿಸ್‌ಗೆ ಒಟ್ಟಿಗೆ ಹಣ ಕಟ್ಟಬೇಡಿ. ಮೂರು ಪಾಠಕ್ಕೆ ಕಟ್ಟಿ ನೋಡಿ. ಸಂದರ್ಶನ ಕೊಟ್ಟವರ ಹೆಸರು, ಗುರುತು ಇರುವ ಕಡತಗಳನ್ನು ಟ್ಯೂಟರ್‌ಗೆ ಕಳಿಸಲೇಬಾರದು.

ಉಲ್ಲೇಖದ ಕೆಲಸ

ಇದಕ್ಕೆ ಒಂದೇ ಪಾಠ ಸಾಕು, ಆದರೆ ಅದು ಮೊದಲ ತಿಂಗಳಲ್ಲೇ ಆಗಲಿ. ಆಕರಗಳನ್ನು ನಮೂದಿಸುವ ಕ್ರಮಗಳಲ್ಲಿ ಎಪಿಎ ಶೈಲಿಯ ಏಳನೆಯ ಆವೃತ್ತಿ 2019ರಲ್ಲಿ, ಎಂಎಲ್‌ಎ ಒಂಬತ್ತನೆಯದು 2021ರಲ್ಲಿ, ಶಿಕಾಗೊ ಹದಿನೆಂಟನೆಯದು 2024ರಲ್ಲಿ ಬಂದವು. ಟ್ಯೂಟರ್‌ಗೆ ಹಳೆಯ ಆವೃತ್ತಿ ಕೈಗೆ ಹತ್ತಿರಬಹುದು, ನಿಮ್ಮ ವಿಭಾಗ ಯಾವುದನ್ನು ಕೇಳುತ್ತದೋ ಅದೇ ನಡೆಯಬೇಕು. ಆಕರಗಳನ್ನು ಜೋಡಿಸಿಡುವ ಜೊಟೆರೊ ಎಂಬ ಉಚಿತ ತಂತ್ರಾಂಶವನ್ನು ಟ್ಯೂಟರ್ ಎದುರಿಗೇ ಕೂತು ಹಾಕಿಕೊಂಡು, ಹತ್ತು ಆಕರಗಳನ್ನು ನೀವೇ ಸೇರಿಸಿ ಕಲಿಯಿರಿ.

ನಿಮ್ಮ ಬರಹವನ್ನು ಬೇರೆ ಬರಹಗಳೊಡನೆ ಹೋಲಿಸಿ ನೋಡುವ ಟರ್ನಿಟಿನ್‌ನಂಥ ತಂತ್ರಾಂಶ ಕೊಡುವ ಶೇಕಡಾ ಅಂಕಿ ನೋಡಿ ಗಾಬರಿಯಾಗುವವರು ಬಹಳ. ಅದು ತೋರಿಸುವುದು ಹೋಲಿಕೆಯನ್ನು. ಕೃತಿಚೌರ್ಯ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಮನುಷ್ಯರು. ಗ್ರಂಥಋಣದ ಪಟ್ಟಿ, ಉದ್ಧರಣ ಚಿಹ್ನೆಯೊಳಗಿನ ಸಾಲುಗಳನ್ನು ಬಿಟ್ಟು ಲೆಕ್ಕ ಹಾಕುವಂತೆ ಹೊಂದಿಸದಿದ್ದರೆ ಅವೂ ಅಂಕಿಯಲ್ಲಿ ಸೇರುತ್ತವೆ. ವರದಿಯನ್ನು ಟ್ಯೂಟರ್ ಜೊತೆ ಸಾಲುಸಾಲಾಗಿ ಓದಿ. ಅಂಕಿ ಇಳಿಸಲೆಂದು ಪದ ಬದಲಿಸುತ್ತ ಹೋಗುವುದು ವ್ಯರ್ಥ. ಮೂಲವನ್ನು ಮುಚ್ಚಿಟ್ಟು, ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಬರೆದು, ಆಮೇಲೆ ಮೂಲದೊಡನೆ ತಾಳೆ ನೋಡಿ ಉಲ್ಲೇಖ ಕೊಡಿ.

ಪಾಠ ಕಡಿಮೆ ಮಾಡುತ್ತಾ ಬನ್ನಿ

ಶುರುವಿನಲ್ಲಿ ವಾರಕ್ಕೊಂದು ಪಾಠ ಇದ್ದರೆ, ಎರಡು ಅಧ್ಯಾಯ ನಿಂತ ಮೇಲೆ ಎರಡು ವಾರಕ್ಕೊಂದು, ಆಮೇಲೆ ಕೇಳಿದಾಗ ಮಾತ್ರ. ಆರು ತಿಂಗಳಾದರೂ ಟ್ಯೂಟರ್ ಇಲ್ಲದೆ ಒಂದು ಪುಟ ಬರೆಯಲಾಗದಿದ್ದರೆ ಪಾಠದ ಕ್ರಮ ಬದಲಿಸಿ, ಇಲ್ಲವೇ ಟ್ಯೂಟರನ್ನು ಬದಲಿಸಿ.

ಕೊನೆಯ ಎರಡು ಪಾಠಗಳನ್ನು ವೈವಾಗೆಂದು, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಗೆಂದು, ಉಳಿಸಿಕೊಳ್ಳಿ. ಟ್ಯೂಟರ್ ಪರೀಕ್ಷಕರ ಜಾಗದಲ್ಲಿ ಕೂತು ಕೇಳಲಿ: ಈ ವಿಧಾನವನ್ನೇ ಏಕೆ ಆರಿಸಿದಿರಿ, ಫಲಿತಾಂಶ ಉಲ್ಟಾ ಬಂದಿದ್ದರೆ ಏನನ್ನುತ್ತಿದ್ದಿರಿ, ನಿಮ್ಮ ಪ್ರಬಂಧದ ದುರ್ಬಲ ಅಧ್ಯಾಯ ಯಾವುದು. ಉತ್ತರವನ್ನು ಪುಟಸಂಖ್ಯೆ ಸಮೇತ ಹೇಳಿ ಅಭ್ಯಾಸ ಮಾಡಿ. ಸಲ್ಲಿಸುವ ಮುನ್ನ ಕೃತಜ್ಞತೆಯ ಪುಟದಲ್ಲಿ ಟ್ಯೂಟರ್ ಹೆಸರನ್ನೂ, ಅವರು ಯಾವ ಬಗೆಯ ನೆರವು ಕೊಟ್ಟರೆಂಬುದನ್ನೂ ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿ.