ಕೆರೆ ಮಧ್ಯೆ ಗಾಳಿ ಎದ್ರೆ ದೋಣಿ ತಿರುಗಿಸೋದು ಹೇಗೆ?

ಸಮುದ್ರಕ್ಕೆ ಇಳಿಯೋವಾಗ ನಾಲ್ಕು ಜನರನ್ನ ಕೇಳೋರು ಕೆರೆ ಅಂದ್ರೆ "ದಡ ಕಾಣ್ತಾನೇ ಇದೆಯಲ್ಲ" ಅಂತ ಲೈಫ್ ಜಾಕೆಟ್‌ನ ಸೀಟಿನಡಿ ತುರುಕಿ ಹೊರಟುಬಿಡ್ತಾರೆ. ನಾನು ದಡದಲ್ಲಿ ನಿಂತು ಎಷ್ಟೋ ಸಲ ನೋಡಿದೀನಿ, ಹೋಗೋವಾಗ ಎಲ್ರೂ ಚೆನ್ನಾಗೇ ಹೋಗ್ತಾರೆ, ಎಡವಟ್ಟಾಗೋದು ವಾಪಸ್ ತಿರುಗಿಸೋವಾಗ. ಕೆರೆ ಅಲೆ ಸಮುದ್ರದ ಅಲೆ ಥರ ಉದ್ದಕ್ಕೆ ನಿಧಾನವಾಗಿ ಬರಲ್ಲ, ಗಿಡ್ಡ, ಕಡಿದಾದ ಅಲೆಗಳು ಒಂದರ ಬೆನ್ನಿಗೊಂದು ಬರ್ತವೆ, ದೋಣಿ ಮೂತಿ ಒಂದನ್ನ ಇಳಿಯೋ ಮೊದಲೇ ಇನ್ನೊಂದು ಬಡೀತದೆ.

ಮೊದಲು ದಡದಲ್ಲೇ ಐದು ನಿಮಿಷ ನಿಂತು ನೀರು ನೋಡಿ. ಕಾಲ ಬುಡದ ನೀರಲ್ಲ, ದೂರದ ನೀರು. ಗಾಳಿ ನಿಮ್ಮ ಬೆನ್ನ ಹಿಂದಿಂದ ಬರ್ತಿದ್ರೆ ಹಿಂದಿನ ಮರಗಳು ಅದನ್ನ ತಡೆದಿರ್ತವೆ, ಹತ್ತಿರದ ನೀರು ಕನ್ನಡಿ ಥರ ಕಾಣುತ್ತೆ, ಜನ ಮೋಸ ಹೋಗೋದು ಇಲ್ಲೇ. ಗಾಳಿ ನೀರಿನ ಮೇಲೆ ಎಷ್ಟು ದೂರ ಓಡುತ್ತೋ ಅಲೆ ಅಷ್ಟು ಬೆಳೆಯುತ್ತೆ, ಹಾಗಾಗಿ ದೊಡ್ಡ ಅಲೆ ಇರೋದು ಆಚೆ ದಡದ ಹತ್ರ. ದೂರದಲ್ಲಿ ಅಲೆ ನೆತ್ತಿ ಮೇಲೆ ಬಿಳಿ ನೊರೆ ಅಲ್ಲೊಂದು ಇಲ್ಲೊಂದು ಕಂಡ್ರೆ ಗಾಳಿ ಗಂಟೆಗೆ ಸುಮಾರು 12ರಿಂದ 19 ಕಿಲೋಮೀಟರ್, ನೊರೆ ಎಲ್ಲಾ ಕಡೆ ಕಂಡ್ರೆ 20 ದಾಟಿದೆ ಅಂತ ಲೆಕ್ಕ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಮಾಡಿದ ಗಾಳಿ ಮಾಪನದಿಂದ ಬೆಳೆದ ಲೆಕ್ಕ ಇದು, ಇವತ್ತಿಗೂ ಕೆಲಸಕ್ಕೆ ಬರುತ್ತೆ. ನನ್ನ ನಿಯಮ ಏನಂದ್ರೆ, ಹುಟ್ಟು ಹಾಕೋ ದೋಣಿ ಅಥವಾ ಕಯಾಕ್ ಆದ್ರೆ ನೊರೆ ಎಲ್ಲಾ ಕಡೆ ಕಂಡ ದಿನ ಇಳಿಯೋದೇ ಬೇಡ. ಗಾಳಿ ವೇಗ ಎರಡರಷ್ಟಾದ್ರೆ ಅದು ದೂಡೋ ಬಲ ನಾಲ್ಕರಷ್ಟಾಗುತ್ತೆ, 15 ಇದ್ದದ್ದು 30 ಆದಾಗ "ಸ್ವಲ್ಪ ಜಾಸ್ತಿಯಾಗಿದೆ" ಅನ್ನೋ ಮಾತೇ ಇಲ್ಲ. ಫೋನಲ್ಲಿ ಹವಾಮಾನ ನೋಡೋರು ಸರಾಸರಿ ವೇಗ ಬಿಟ್ಟು ಗಸ್ಟ್ (ಗಾಳಿ ಒಮ್ಮೆಲೇ ಜೋರಾಗಿ ಬೀಸೋದು) ಅಂತ ಇರೋ ನಂಬರ್ ನೋಡಿ, ದೋಣಿ ಮಗುಚೋದು ಆ ರಭಸಕ್ಕೆ.

ಹೊತ್ತು ಏರಿದ ಹಾಗೆ ನೆಲ ಕಾಯುತ್ತೆ, ಮಧ್ಯಾಹ್ನ ಗಾಳಿ ಏಳುತ್ತೆ, ಆದ್ರಿಂದ ಬೆಳಿಗ್ಗೆ ಬೇಗ ಹೋಗಿ ಹನ್ನೊಂದಕ್ಕೆಲ್ಲ ದಡ ಸೇರಿಬಿಡಿ. ಎಲ್ಲಿಗೆ ಹೋಗ್ತೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ದಡದಲ್ಲಿ ಒಬ್ರಿಗೆ ಹೇಳಿ.

ಲೈಫ್ ಜಾಕೆಟ್ ದಡದಲ್ಲೇ ಹಾಕಿ, ಬಕಲ್ ಎಲ್ಲಾ ಬಿಗಿ ಮಾಡಿ, ಆಮೇಲೆ ಪಕ್ಕದವರಿಗೆ ಹೇಳಿ ಭುಜದ ಹತ್ರ ಹಿಡಿದು ಮೇಲಕ್ಕೆ ಎಳೆಸಿ, ಅದು ಗದ್ದ ಕಿವಿ ಮುಟ್ಟೋಷ್ಟು ಮೇಲೆ ಬಂದ್ರೆ ಅಳತೆ ಸರಿಯಿಲ್ಲ. ಮಕ್ಕಳದ್ದಕ್ಕೆ ಕಾಲಸಂದಿಯ ಪಟ್ಟಿ ಬೇಕೇ ಬೇಕು. ತೋಳಿಗೆ ಹಾಕೋ ಗಾಳಿ ಬಲೂನು, ಟ್ಯೂಬು ಇವೆಲ್ಲ ಆಟದ ಸಾಮಾನು, ದಯವಿಟ್ಟು ನಂಬಬೇಡಿ. ನಾನಂತೂ ಸಣ್ಣ ದೋಣಿಗೆ ಫೋಮ್ ಜಾಕೆಟ್ಟೇ ಹೇಳೋದು, ಉಬ್ಬೋ ಜಾಕೆಟ್ ಥರ ಗ್ಯಾಸ್ ತುಂಬಿಕೊಳ್ಳುತ್ತೋ ಇಲ್ವೋ ಅನ್ನೋ ಚಿಂತೆ ಇರಲ್ಲ. ಮೋಟಾರ್ ಬೋಟ್ ಆದ್ರೆ ಕಿಲ್ ಸ್ವಿಚ್ ಹಗ್ಗ ಓಡಿಸೋರ ಮೈಗೇ ಸಿಕ್ಕಿಸಿರಬೇಕು. ಕಿರಿಕಿರಿ ಅಂತ ಅದನ್ನ ಬೋಟಿನ ಕಂಬಿಗೇ ಸುತ್ತಿಟ್ಟಿರೋದು ನೋಡಿದ್ರೆ ನನಗೆ ಹೊಟ್ಟೆ ತಳಮಳಿಸುತ್ತೆ, ಓಡಿಸೋನು ನೀರಿಗೆ ಬಿದ್ರೆ ಇಂಜಿನ್ ನಿಲ್ಲಬೇಕಲ್ವಾ, ಅದಕ್ಕೇ ಅಲ್ವಾ ಅದು ಇರೋದು.

ಹೊರಟ ಮೇಲೆ ಮೊದಲು ಗಾಳಿಗೆ ಎದುರಾಗಿ ಹೋಗಿ. ಸುಸ್ತಾದಾಗ, ಇಂಜಿನ್ ಕೈಕೊಟ್ಟಾಗ ಅದೇ ಗಾಳಿ ವಾಪಸ್ ತರುತ್ತೆ.

ಈಗ ಕಷ್ಟದ ಕೆಲಸ. ಅಲೆ ಎದ್ದಿದೆ ಅನ್ಕೊಳ್ಳಿ, ವೇಗ ಇಳಿಸಿ ಆದ್ರೆ ಪೂರ್ತಿ ನಿಲ್ಲಿಸಬೇಡಿ, ನಿಂತ ದೋಣಿ ತಾನಾಗೇ ಅಲೆಗೆ ಅಡ್ಡ ತಿರುಗುತ್ತೆ. ಎಲ್ರೂ ದೋಣಿ ತಳದಲ್ಲಿ ನಡುಮಧ್ಯೆ ಕೂರಲಿ, ಯಾರೂ ಏಳಬಾರದು, ಫೋಟೋಗಂತೂ ಬೇಡವೇ ಬೇಡ. ಮೋಟಾರ್ ಬೋಟಿನ ಮೂತಿ ಅಲೆಗೆ ಸ್ವಲ್ಪ ಓರೆಯಾಗಿರಲಿ, ಹೆಚ್ಚೆಂದ್ರೆ 45 ಡಿಗ್ರಿ, ಹಾಗಿದ್ರೆ ದೋಣಿ ಅಲೆಯನ್ನ ನಯವಾಗಿ ಹತ್ತಿ ಇಳಿಯುತ್ತೆ. ಮಗ್ಗುಲು ಕೊಟ್ರೆ ಕೆಟ್ಟಿರಿ, ಮೊದಲ ಅಲೆ ಒಂದು ಅಂಚನ್ನ ಎತ್ತುತ್ತೆ, ಜನ ಸಾಮಾನು ಎಲ್ಲಾ ಇನ್ನೊಂದು ಕಡೆ ಜಾರುತ್ತೆ, ಎರಡನೇ ಅಲೆಗೆ ನೀರು ಒಳಗೆ.

ತಿರುಗಿಸಬೇಕು ಅನ್ನಿಸಿದ ತಕ್ಷಣ ತಿರುಗಿಸಬೇಡಿ. ಅಲೆಗಳನ್ನ ನೋಡ್ತಾ ಇರಿ, ಕೆಲವು ದೊಡ್ಡವು ಬಂದ ಮೇಲೆ ಸ್ವಲ್ಪ ಹೊತ್ತು ಸಣ್ಣವು ಬರ್ತವೆ, ಆ ಬಿಡುವಿಗೆ ಕಾಯಿರಿ. "ತಿರುಗಿಸ್ತಿದೀನಿ, ಗಟ್ಟಿಯಾಗಿ ಹಿಡ್ಕೊಳ್ಳಿ" ಅಂತ ಜೋರಾಗಿ ಹೇಳಿ. ಮೂತಿ ಅಲೆಯ ನೆತ್ತಿ ದಾಟಿ ಇಳಿಯೋಕೆ ಶುರುವಾದಾಗ ಸ್ಟೇರಿಂಗ್ ತಿರುಗಿಸಿ ಒಂದೇ ಸಮನೆ ಸ್ವಲ್ಪ ಥ್ರಾಟಲ್ (ಇಂಜಿನ್ ವೇಗ ಹೆಚ್ಚಿಸೋ ಹಿಡಿ) ಕೊಡಿ, ಅಲೆಗೆ ಮಗ್ಗುಲು ಒಡ್ಡಿರೋ ಹೊತ್ತು ಆದಷ್ಟು ಕಡಿಮೆ ಆಗಬೇಕು, ಆದ್ರೆ ಗಾಬರಿಯಲ್ಲಿ ಫುಲ್ ಥ್ರಾಟಲ್ ಒತ್ತಿ ಸ್ಟೇರಿಂಗ್ ಕೊನೇವರೆಗೂ ಎಳೆದ್ರೆ ದೋಣಿ ತಾನೇ ವಾಲಿ ಮಗುಚುತ್ತೆ. ಅರ್ಧದೊಳಗೇ ದೊಡ್ಡ ಅಲೆ ಬರೋದು ಕಂಡ್ರೆ ಮೂತಿ ವಾಪಸ್ ಅದರ ಕಡೆಗೇ ಮಾಡಿ, ಮತ್ತೆ ಕಾಯಿರಿ.

ತಿರುಗಿದ ಮೇಲೆ ನಿರಾಳ ಅನ್ಸುತ್ತೆ, ಗಾಳಿ ಬೆನ್ನಿಗೆ ಬಂದಿದೆಯಲ್ಲ, ಸದ್ದೂ ಕಡಿಮೆ. ಆದ್ರೆ ಇಲ್ಲೇ ದೋಣಿ ಅಲೆ ಮೇಲಿಂದ ಜಾರಿ ಮೂತಿಯನ್ನ ಮುಂದಿನ ಅಲೆಗೆ ತೂರಿಸುತ್ತೆ, ಹಿಂಭಾಗ ಗರಕ್ಕನೆ ಅಡ್ಡ ಬರುತ್ತೆ. ಭಾರ ಒಂಚೂರು ಹಿಂದಕ್ಕೆ ಸರಿಸಿ, ಒಂದೇ ಅಲೆಯ ಬೆನ್ನ ಮೇಲೆ ಕೂತ ಹಾಗೆ ಬನ್ನಿ, ಅದನ್ನ ದಾಟಿ ಮುಂದೆ ಹೋಗಬೇಡಿ, ದಿಢೀರ್ ಅಂತ ವೇಗ ಇಳಿಸಲೂ ಬೇಡಿ, ಹಿಂದಿನ ಅಲೆ ಒಳಗೆ ಬೀಳುತ್ತೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಮಾಡೋದು ಬೇರೆ: ಗಾಳಿ ಜೋರಾದ್ರೆ ಹೊರಟ ಜಾಗಕ್ಕೇ ವಾಪಸ್ ಬರಬೇಕು ಅನ್ನೋ ಹಟ ಬಿಟ್ಟು ಹತ್ತಿರದ ಮರೆ ಇರೋ ದಡಕ್ಕೆ ಹೋಗಿ ಇಳಿದು ನಡೀತೀನಿ. ಗಾಡಿ ಆಚೆ ಇದೆ ಅಂತ ಮಕ್ಕಳನ್ನ ಕೂರಿಸ್ಕೊಂಡು ಕೆರೆ ನಡುವೆ ಬರೋರನ್ನ ಕಂಡಾಗ ಜೀವ ಬಾಯಿಗೆ ಬರುತ್ತೆ.

ಇಂಜಿನ್ ನಿಂತ್ರೆ ಲಂಗರು ಮೂತಿಯಿಂದಲೇ ಬಿಡಿ, ಹಗ್ಗ ಆಳದ ಏಳರಷ್ಟು ಇರಲಿ. ಹಿಂಭಾಗಕ್ಕೆ ಕಟ್ಟಿದ್ರೆ ಮೋಟಾರ್ ಭಾರಕ್ಕೆ ಮೊದಲೇ ತಗ್ಗಿರೋ ಆ ಕಡೆಯಿಂದ ನೀರು ತುಂಬುತ್ತೆ. ಲಂಗರು ಇಲ್ವಾ, ಗಟ್ಟಿ ಬಕೆಟ್‌ಗೆ ಹಗ್ಗ ಕಟ್ಟಿ ಮೂತಿಯಿಂದ ನೀರಿಗೆ ಬಿಡಿ, ಮೂತಿ ಗಾಳಿ ಕಡೆ ತಿರುಗಿಕೊಳ್ಳುತ್ತೆ.

ಮಿಂಚಿ 30 ಸೆಕೆಂಡಿನೊಳಗೆ ಗುಡುಗು ಕೇಳಿದ್ರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ತಕ್ಷಣ ದಡಕ್ಕೆ.

ಮಗುಚಿತು ಅಂದ್ರೆ ಮೊದಲು ದೋಣಿ ಹಿಡ್ಕೊಳ್ಳಿ, ಗಾಳಿ ಅದನ್ನ ನೀವು ಈಜೋದಕ್ಕಿಂತ ವೇಗವಾಗಿ ತಳ್ಳಿಕೊಂಡು ಹೋಗುತ್ತೆ. ನೀರು ತಣ್ಣಗಿದ್ರೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರಲ್ಲ, ಆಗ ಏನೂ ಮಾಡದೆ ಹಿಡಿದು ತೇಲಿ, ಆಮೇಲೆ ದೋಣಿ ಬೆನ್ನ ಮೇಲೆ ಹತ್ತಿ. ದಡ ಎಷ್ಟೇ ಹತ್ತಿರ ಕಂಡ್ರೂ ಈಜಿ ಹೋಗಬೇಡಿ. ಸೀಟಿ ಜಾಕೆಟ್‌ಗೇ ಕಟ್ಟಿರಲಿ, ಫೋನ್ ನೀರು ಹೋಗದ ಕವರ್‌ನಲ್ಲಿ ಮೈಮೇಲೇ ಇರಲಿ, ಬ್ಯಾಗಲ್ಲಿಟ್ಟ ಫೋನ್ ಬ್ಯಾಗಿನ ಜೊತೆಗೇ ಹೋಗುತ್ತೆ.

ದಡಕ್ಕೆ ಬಂದಾಗ ಗಾಳಿಗೆ ಎದುರಾಗಿ ನಿಧಾನಕ್ಕೆ ಹಚ್ಚಿ, ದೋಣಿಗೂ ಕಟ್ಟೆಗೂ ನಡುವೆ ಕೈಕಾಲು ಕೊಡಬೇಡಿ. ಗಾಳಿ ಬರೋ ಕಡೆಯ ಹಗ್ಗ ಮೊದಲು ಕಟ್ಟಿ, ಆಮೇಲೆ ಇಂಜಿನ್ ಆಫ್, ಆಮೇಲೆ ಒಬ್ಬೊಬ್ರೇ ಇಳೀಲಿ, ಜಾಕೆಟ್ ಬಿಚ್ಚೋದು ನೆಲದ ಮೇಲೆ ನಿಂತ ಮೇಲೆ.