ಬಿಸಿಲು ಬಡಿದವರ ಮಿದುಳನ್ನು ತಣಿಸುವುದು ಹೇಗೆ?

ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಯಾರಾದರೂ ಕುಸಿದರೆ ಜನ ಹಣೆಗೆ ಒದ್ದೆ ಕರ್ಚೀಫು ಹಾಕುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಬಾಯಿಗೆ ನೀರು ಹೊಯ್ಯುತ್ತಾರೆ. ಮೊದಲಿನ ಎರಡರಿಂದ ಹೊತ್ತು ಹಾಳು. ಎಚ್ಚರವಿಲ್ಲದವರ ಬಾಯಿಗೆ ಬಿದ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮಿದುಳನ್ನು ಬಿಸಿ ಮಾಡುವುದೂ ತಣಿಸುವುದೂ ಅಲ್ಲಿಗೆ ಹರಿಯುವ ರಕ್ತ. ಹಾಗಾಗಿ ಹಣೆಯನ್ನಷ್ಟೇ ತಂಪು ಮಾಡಿ ಪ್ರಯೋಜನವಿಲ್ಲ, ಇಡೀ ಮೈ ತಣಿಯಬೇಕು. ಹಣೆಗೆ ಅಂಟಿಸುವ ಜೆಲ್ ಪಟ್ಟಿಗೆ ದುಡ್ಡು ಹಾಕಬೇಡಿ.

1. ಮೈ ಕೆಂಡದಂತಿದ್ದು ಮಾತು ತೊದಲಿದರೆ, ಗಲಿಬಿಲಿಯಾದರೆ, ಫಿಟ್ಸ್ ಬಂದರೆ ಅಥವಾ ಎಚ್ಚರ ತಪ್ಪಿದರೆ ಬಿಸಿಲಾಘಾತ ಎಂದೇ ತಿಳಿಯಿರಿ. ಬೆವರುತ್ತಿದ್ದಾರೆಂದು ಸಮಾಧಾನಪಡಬೇಡಿ, ದುಡಿಯುವಾಗ ಕುಸಿದವರು ಬೆವರುತ್ತಲೂ ಇರಬಹುದು.

2. 108ಕ್ಕೆ ಕರೆ ಮಾಡಿ, ನೆರಳಿಗೆ ತನ್ನಿ, ಒಳ ಉಡುಪು ಬಿಟ್ಟು ಉಳಿದ ಬಟ್ಟೆ ತೆಗೆಯಿರಿ.

3. ಎಲ್ಲರೂ ಎಡವುವುದು ಇಲ್ಲಿ. ತಲೆಯಿಂದ ಕಾಲಿನವರೆಗೆ ನೀರು ಚಿಮುಕಿಸಿ, ಕೂಡಲೇ ಜೋರಾಗಿ ಗಾಳಿ ಹಾಕಿ: ಫ್ಯಾನ್, ರಟ್ಟು, ಮೊರ, ಏನಿದ್ದರೂ ಸರಿ. ಶಾಖವನ್ನು ಹೊತ್ತೊಯ್ಯುವುದು ಆವಿಯಾಗುವ ನೀರು. ಚರ್ಮ ಒಣಗುವ ಮೊದಲೇ ಮತ್ತೆ ಚಿಮುಕಿಸಿ. ಒಬ್ಬರಿಗೆ ನೀರು, ಒಬ್ಬರಿಗೆ ಗಾಳಿ ಎಂದು ಕೆಲಸ ಹಂಚಿಕೊಳ್ಳಿ. ಒದ್ದೆ ಬೆಡ್‌ಶೀಟ್ ಹೊದಿಸಿ ಸುಮ್ಮನೆ ಕೂತರೆ ಅದು ಮೈಶಾಖಕ್ಕೆ ಬಿಸಿಯಾಗಿ, ಗಾಳಿಯನ್ನೂ ತಡೆಯುತ್ತದೆ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಇದು ನೀರು-ಗಾಳಿಯ ಜೊತೆಗೆ, ಅದರ ಬದಲಿಗಲ್ಲ.

ಮಂಗಳೂರು, ಕಾರವಾರದ ಸೆಕೆಯಲ್ಲಿ ನೀರು ಬೇಗ ಆವಿಯಾಗದು. ಅಲ್ಲಿ ಐಸ್ ನೀರಲ್ಲಿ ಅದ್ದಿದ ಟವೆಲ್‌ಗಳನ್ನು ಮೈತುಂಬ ಹಾಕಿ, ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸುವುದೇ ಮೇಲು.

ಗಟ್ಟಿಮುಟ್ಟಾದ ಆಟಗಾರ, ಕಾರ್ಮಿಕರಿಗಾದರೆ ಟಾರ್ಪಾಲಿನ್ ಉಪಾಯವೇ ಇವೆಲ್ಲಕ್ಕಿಂತ ವೇಗ. ಅದರ ಮೇಲೆ ಮಲಗಿಸಿ, ಅಂಚುಗಳನ್ನು ನಾಲ್ವರು ಎತ್ತಿ ಹಿಡಿದು, ನಾಲ್ಕೈದು ಬಕೆಟ್ ನೀರು ಮತ್ತು ಸಿಕ್ಕಷ್ಟು ಐಸ್ ಸುರಿದು ಕುಲುಕಿಸುತ್ತಿರಿ. ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಲೇಬೇಕು. ವಯಸ್ಸಾದವರಿಗೆ ಇದು ಬೇಡ, ನೀರು-ಗಾಳಿ ಸಾಕು.

4. ಪ್ಯಾರಾಸಿಟಮಾಲ್ ಕೊಡಬೇಡಿ. ಸೋಂಕಿನ ಜ್ವರದಲ್ಲಿ ಮಿದುಳು ತಾನೇ ತಾಪ ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಶಾಖ ಬಂದದ್ದು ಬಿಸಿಲು-ದುಡಿಮೆಯಿಂದ. ಆಸ್ಪಿರಿನ್‌ನಿಂದ ರಕ್ತಸ್ರಾವದ ಅಪಾಯ ಬೇರೆ.

5. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ. ಉಸಿರು ನಿಂತರೆ ಸಿಪಿಆರ್ (ಎದೆಯನ್ನು ಒತ್ತಿ ಒತ್ತಿ ರಕ್ತ ಹರಿಸುವ ಪ್ರಥಮ ಚಿಕಿತ್ಸೆ).

ಅರ್ಧ ಗಂಟೆಯೊಳಗೆ ದೇಹದ ಒಳತಾಪ 40 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬರಬೇಕು. ಆಸ್ಪತ್ರೆಯಲ್ಲಿ ಗುದದ್ವಾರದ ಥರ್ಮಾಮೀಟರ್ ಸುಮಾರು 39 ತೋರಿಸಿದಾಗ ತಣಿಸುವುದನ್ನು ನಿಲ್ಲಿಸುತ್ತಾರೆ. ಒದ್ದೆ ಹಣೆಗೆ ಹಿಡಿದ ಥರ್ಮಲ್ ಗನ್ ತೋರಿಸುವ ಅಂಕಿ ನಂಬಿ ಕೈಬಿಡಬೇಡಿ. ಆಂಬುಲೆನ್ಸ್ ಬರುವವರೆಗೆ, ಅಥವಾ ಕುಸಿದವರು ತಮ್ಮ ಹೆಸರು, ಊರು ಸರಿಯಾಗಿ ಹೇಳುವವರೆಗೆ ಮುಂದುವರಿಸಿ. ಹುಷಾರಾದಂತೆ ಕಂಡರೂ ಆಸ್ಪತ್ರೆಗೆ ಕಳಿಸಿ. ಮೂತ್ರಪಿಂಡ, ಯಕೃತ್ತಿನ ಪೆಟ್ಟು ಮರುದಿನವೂ ತೋರಬಹುದು.