ಗಣಿ ಡಂಪಿನ ಬುಡದಲ್ಲಿ ನೀರು ಜಿನುಗಿದರೆ

ಡಂಪ್, ಅಂದರೆ ಗಣಿಯ ತ್ಯಾಜ್ಯ ಮಣ್ಣು-ಕಲ್ಲಿನ ಗುಡ್ಡೆ, ಹಾಕುವ ಜಾಗವನ್ನು ಮಳೆಗಾಲದ ಕೊನೆಯಲ್ಲೊಮ್ಮೆ ನಡೆದು ನೋಡಿ. ಬೇಸಿಗೆಯಲ್ಲಿ ಎಷ್ಟೋ ಒರತೆಗಳು ಕಾಣುವುದೇ ಇಲ್ಲ. ವೇಲ್ಸ್‌ನ ಅಬರ್‌ಫಾನ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಒರತೆಯ ಮೇಲೆಯೇ ಸುರಿದಿದ್ದರು. 1966ರ ಅಕ್ಟೋಬರ್ 21ರಂದು ಅದು ಜಾರಿ 144 ಜನ ಸತ್ತರು, ಅವರಲ್ಲಿ 116 ಮಕ್ಕಳು.

ಮಣ್ಣಿನ ಸಂದುಗಳಲ್ಲಿ ತುಂಬಿದ ನೀರಿನ ಒತ್ತಡ ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಘರ್ಷಣಾ ಕೋನ (ಒಣ ಸಡಿಲ ಗುಡ್ಡೆ ಜಾರದೆ ನಿಲ್ಲಬಲ್ಲ ಗರಿಷ್ಠ ಇಳಿಜಾರು) 35 ಡಿಗ್ರಿ, ಇಳಿಜಾರು 28 ಡಿಗ್ರಿ ಎಂದುಕೊಳ್ಳಿ: ಒಣಗಿದ್ದಾಗ ಸುರಕ್ಷತಾ ಅಂಶ (ಹಿಡಿದಿಡುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದ್ದು) ಸುಮಾರು 1.3. ಪೂರ್ತಿ ನೆನೆದು ನೀರು ಇಳಿಜಾರಿನಗುಂಟ ಹರಿದರೆ ಅದು 0.7ರ ಆಸುಪಾಸಿಗೆ ಬರುತ್ತದೆ. ಒಂದಕ್ಕಿಂತ ಕೆಳಗಿಳಿದರೆ ಗುಡ್ಡೆ ನಿಲ್ಲುವುದಿಲ್ಲ.

ಒರತೆ ಸಿಕ್ಕಲ್ಲಿ ಜಾಗ ಬದಲಿಸುವುದೇ ಲೇಸು. ಆಗದಿದ್ದರೆ ಮೊದಲು ಜೇಡಿಯ ಮೇಲ್ಪದರ ತೆಗೆದು, ನೀರಿಗೆ ಕರಗದ ಗಟ್ಟಿ ಕಲ್ಲಿನ ಚರಂಡಿ ಕಟ್ಟಿ, ಸುತ್ತ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹೊದಿಸಿ. ಇಲ್ಲದಿದ್ದರೆ ನುಣ್ಣನೆಯ ಮಣ್ಣು ಕಲ್ಲಿನ ಸಂದು ಮುಚ್ಚುತ್ತದೆ. ಸಂಡೂರಿನಂಥ ಕಡೆ ಬುಡಕ್ಕೆ ಕಟ್ಟುವ ಕಲ್ಲಿನ ತಡೆಗೋಡೆಯಲ್ಲೂ ನೀರು ಹೊರಹೋಗಲು ತೂತುಗಳಿರಲೇಬೇಕು. ತೂತಿಲ್ಲದ ಗೋಡೆ ಅಣೆಕಟ್ಟೇ ಆಗಿಬಿಡುತ್ತದೆ!

ಬುಡದ ಚರಂಡಿಗೆ ಹರಿವು ಅಳೆಯಲು 90 ಡಿಗ್ರಿಯ ವಿ-ನಾಚ್ ಹಲಗೆ (V ಆಕಾರದ ಕೊರೆ ಇರುವ ಹಲಗೆ) ಇಡಿ. ನೀರಿನ ಮಟ್ಟ ಕೊರೆಯ ತಳದಿಂದ 10 ಸೆಂ.ಮೀ. ಎತ್ತರವಿದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್. ಹರಿವು ಹೆಚ್ಚಿದ್ದಕ್ಕಿಂತ, ಮಳೆ ಸುರಿಯುತ್ತಿರುವಾಗಲೇ ಅದು ದಿಢೀರನೆ ನಿಂತರೆ ಹೆಚ್ಚು ಹೆದರಿ: ಚರಂಡಿ ಕಟ್ಟಿಕೊಂಡು ಒಳಗೆ ನೀರು ಏರುತ್ತಿರಬಹುದು. ನೀರು ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ನೆತ್ತಿಯಲ್ಲಿ ಬಿರುಕು ಕಂಡರೆ ಎರಡೂ ಬದಿಗೆ ಗೂಟ ಬಡಿದು ದಿನವೂ ಅಂತರ ಅಳೆಯಿರಿ. ಅಂತರ ದಿನದಿನಕ್ಕೆ ವೇಗವಾಗಿ ಹಿಗ್ಗುತ್ತಿದ್ದರೆ ಟಿಪ್ಪರ್ ನಿಲ್ಲಿಸಿ, ಕೆಳಗಿನ ಜನರನ್ನು ತೆರವು ಮಾಡಿಸಿ.